ಒಂದು ಪಾಯಿಂಟಿನ ಮಗ

ಕೆರಾಬಿನ್ ಊರಿನ ಫುಟಿ ಕ್ಲಬ್ಬಿನಲ್ಲಿ, ಎಂದರೆ ನಮ್ಮ ಆಸ್ಟ್ರೇಲಿಯಾದ ಫುಟ್‌ಬಾಲ್ ಆಡುವ ಕ್ಲಬ್ಬಿನಲ್ಲಿ, ಗುರುವಾರ ಸಂಜೆ ಊಟಕ್ಕಿಂತ ಮೊದಲು ಜಗಳ ಬಡಿಸುತ್ತಾರೆ. ಹುಡುಗರು ಇನ್ನೂ ಹೊರಗೆ ಕೆಸರಿನಲ್ಲಿ ಅಭ್ಯಾಸ ಮಾಡುತ್ತಿರುವಾಗಲೇ ಒಳಗೆ ಹೀಟರಿನ ಸುತ್ತ ಕುರ್ಚಿ ಎಳೆದುಕೊಂಡು ಕೂತವರು ತಂಡವನ್ನು ನಾಲ್ಕಾರು ಸಲ ಕಟ್ಟಿ ಬಿಚ್ಚಿರುತ್ತಾರೆ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ಊರಿನ ಯಾವ ಹುಡುಗನನ್ನು ಎಳೆದು ತರಬೇಕು ಎಂಬುದೇ ಮಾತು. ಆ ಹೀಟರಿಗೆ ಅಡ್ಡ ಒಂದು ಸಲಾಕೆಯಾದರೂ ಹಾಕಿಸಿ ಎಂದು ಚಿಕ್ಕ ಮಕ್ಕಳ ತಾಯಂದಿರು ಎರಡು ಚಳಿಗಾಲದಿಂದ ಬೇಡಿಕೊಳ್ಳುತ್ತಿದ್ದಾರೆ. ಅದೊಂದರ ಬಗ್ಗೆ ಮಾತ್ರ ಯಾರೂ ಚರ್ಚೆ ಮಾಡುವುದಿಲ್ಲ.

ಈ ಜಗಳಗಳಲ್ಲಿ ರೇಲೀನ್ ನೋಸ್ಕೆಯ ದನಿಯೇ ಮೇಲು. ಅರವತ್ತು ದಾಟಿದ ಹೆಂಗಸು, ಗಟ್ಟಿ ಮೈಕಟ್ಟು, ಕ್ಲಬ್ಬಿನ ಅಡುಗೆಮನೆಯ ಕಿಂಡಿಯೊಳಗಿಂದ ಆಡಿದ ಮಾತು ಮೈದಾನದ ಆಚೆ ಕಂಬದವರೆಗೆ ಕೇಳಬೇಕು. ಗಂಡ ಮರ್ವ್ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಅವಳು ಶಾಲೆಯ ಬಸ್ಸು ಓಡಿಸಿ ಒಬ್ಬನೇ ಮಗನನ್ನು ಬೆಳೆಸಿದಳು. ಸುತ್ತಲ ಗೋಧಿ ಹೊಲಗಳ ನಡುವಿನ ಒಂದೊಂದು ಗೇಟಿನಲ್ಲೂ ನಿಲ್ಲಿಸಿ ಮಕ್ಕಳನ್ನು ಹತ್ತಿಸಿಕೊಳ್ಳುವಾಗ, ಪುಟ್ಟ ಹುಡುಗ ಕಂಬಿ ಹಿಡಿದ ಕೈಯ ಮಣಿಕಟ್ಟು ನೋಡಿ, "ಇವನು ಮುಂದೆ ಬಾಗಿಲಿಗೆ ತಲೆ ಹೊಡೆಸ್ಕೊಳ್ಳೋಷ್ಟು ಉದ್ದ ಆಗ್ತಾನೆ, ನಡುಮೈದಾನಕ್ಕೆ ಇರಲಿ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದಳು. ಅವಳು ಹೇಳಿದ್ದರಲ್ಲಿ ಅರ್ಧಕ್ಕರ್ಧ ಸುಳ್ಳಾಯಿತು. ಆದರೆ ಊರು ನಿಜವಾದ ಅರ್ಧವನ್ನೇ ನೆನಪಿಟ್ಟುಕೊಂಡು ಅವಳನ್ನು ತಂಡ ಆರಿಸುವ ಸಮಿತಿಗೆ ಸೇರಿಸಿಕೊಂಡಿತು. ಆ ಕೋಣೆಯೊಳಗೆ ಕೂತ ಮೊದಲ ಹೆಂಗಸು ಅವಳೇ. ಈಗ ಸಮಿತಿಯಲ್ಲಿಲ್ಲ, ಬಿಟ್ಟು ಬಹಳ ವರ್ಷಗಳಾದವು. ಬಾಯಿ ಮಾತ್ರ ಬಿಟ್ಟಿಲ್ಲ.

ನಮ್ಮ ಕಡೆ ಚಳಿಗಾಲವಾದ ಈ ಜೂನ್ ತಿಂಗಳ ಒಂದು ಗುರುವಾರ ಎಲ್ಲರ ಮುಖವೂ ಬಾಡಿತ್ತು. ಹಿಂದಿನ ಶನಿವಾರ ಡೇಲ್ ಬಿದ್ದು ಮೊಣಕಾಲು ಹರಿದುಕೊಂಡಿದ್ದ. ಡೇಲ್ ತಂಡದ ರಕ್‌ಮನ್. ಎಂದರೆ, ಅಂಪೈರು ಚೆಂಡನ್ನು ನೆಲಕ್ಕೆ ಬಡಿದು ಮೇಲೆಬ್ಬಿಸಿದಾಗ ಎಲ್ಲರಿಗಿಂತ ಎತ್ತರ ಹಾರಿ ಅದನ್ನು ನಮ್ಮವರ ಕಡೆ ತಟ್ಟುವ ಉದ್ದಾಳು. ಅವನಿಲ್ಲದ ತಂಡ ನೊಗವಿಲ್ಲದ ಬಂಡಿ.

"ಡೇಲ್ ಮೊಣಕಾಲು ಹೋಯ್ತು, ಸೀಸನ್ನೂ ಅದ್ರ ಜೊತೆಗೇ ಹೋಯ್ತು," ಎಂದ ಕ್ಲ್ಯಾರಿ. ಗೋಧಿ ತುಂಬಿಡುವ ಸೈಲೋದಲ್ಲಿ ದುಡಿದು ನಿವೃತ್ತನಾದ ಮುದುಕ. ಗೆದ್ದ ದಿನವೂ ಸೋತವನ ಹಾಗೆ ಕೂರುವುದು ಅವನ ಅಭ್ಯಾಸ.

"ಬ್ಯಾಲರಟ್‌ನಲ್ಲಿ ಒಬ್ಬ ಇದಾನಂತೆ ಕಣೋ. ಕುದುರೆ ಹಂಗೆ ಹಾರ್ತಾನಂತೆ," ಎಂದು ಯಾರೋ ಅಂದರು.

"ಆ ಕುದುರೆಗೆ ಐದು ಪಾಯಿಂಟು," ಎಂದ ಅಧ್ಯಕ್ಷ ವಿನ್ಸ್. ಅವನದು ಗೊಬ್ಬರ, ಬೀಜದ ಅಂಗಡಿ. "ನಮ್ಮ ಹತ್ರ ಉಳಿದಿರೋದು ಒಂದೇ ಒಂದು."

ದುಡ್ಡಿರುವ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದೆಂದು ಲೀಗಿನವರು ಮಾಡಿದ ಲೆಕ್ಕ ಇದು. ಹೊರಗಿನಿಂದ ಬಂದವನು ಎಷ್ಟು ಹೆಸರುವಾಸಿಯೋ ಅವನ ತಲೆಯ ಮೇಲೆ ಅಷ್ಟು ಪಾಯಿಂಟು. ಎಲ್ಲ ಸೇರಿ ಮಿತಿ ದಾಟಬಾರದು. ಆದರೆ ನಿಮ್ಮ ಮೈದಾನದಲ್ಲೇ ಆಟ ಕಲಿತ ಹುಡುಗ ಎಲ್ಲಿ ಹೋಗಿ ಎಷ್ಟು ವರ್ಷ ಕಳೆದು ಬಂದರೂ ಅವನದು ಒಂದೇ ಪಾಯಿಂಟು. ತವರಿಗೆ ಬಂದ ಮಗಳನ್ನು ಯಾರೂ ಅತಿಥಿಯೆಂದು ಎಣಿಸುವುದಿಲ್ಲವಲ್ಲ, ಹಾಗೆ.

"ಮೆಲ್ಬರ್ನ್ ಅಣ್ಣತಮ್ಮಂದಿರನ್ನ ಕೈಬಿಡಿ ಮತ್ತೆ," ಎಂದಳು ರೇಲೀನ್ ಕಿಂಡಿಯಿಂದ. "ಶನಿವಾರ ಶನಿವಾರ ಕಾರಲ್ಲಿ ಬರ್ತಾರೆ. ಚೆಂಡಿಗಿಂತ ಕ್ಯಾಂಟೀನಿನ ಮಾಂಸದ ಪೈ ಜಾಸ್ತಿ ಹಿಡೀತಾರೆ."

"ಬಿಟ್ರೆ ಗೋಲು ಹೊಡೆಯೋರ್ಯಾರು, ನೀನಾ?" ಎಂದ ವಿನ್ಸ್.

"ನಂದೂ ಒಂದೇ ಪಾಯಿಂಟು ಕಣೋ. ಬೂಟು ಕೊಡು, ಬರ್ತೀನಿ."

ನಗು ಎದ್ದಿತು. ಅದು ಇಳಿಯುವಷ್ಟರಲ್ಲಿ ಕ್ಲ್ಯಾರಿ ತನ್ನಷ್ಟಕ್ಕೇ ಎಂಬಂತೆ ಅಂದ: "ನಮ್ಮ ಹುಡುಗ ಆಗಿರ್ಬೇಕು, ಉದ್ದ ಇರ್ಬೇಕು, ಒಂದು ಪಾಯಿಂಟಿಗೆ ಸಿಗ್ಬೇಕು. ಲಾಕ್ಸ್‌ಬೀಲಿ ಒಬ್ಬ ಇದಾನಲ್ಲ."

ಎಲ್ಲರೂ ತಂತಮ್ಮ ಗ್ಲಾಸಿನೊಳಗೆ ಇಣುಕಿದರು. ಲಾಕ್ಸ್‌ಬಿ ಎಂದರೆ ಪಕ್ಕದ ಊರು, ನೂರು ವರ್ಷದ ಎದುರಾಳಿ. ಅಲ್ಲಿರುವ ಆ ಒಬ್ಬ ಬ್ರೋಡಿ ನೋಸ್ಕೆ, ರೇಲೀನಳ ಮಗ.

"ಬಾಯ್ಮುಚ್ಚು ಕ್ಲ್ಯಾರಿ," ಎಂದ ವಿನ್ಸ್. ಊಟವಾದ ಮೇಲೆ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ತಾನೇ ಬಂದು ನಿಂತ. "ರೇ, ಬೇರೆ ಯಾರು ಕೇಳಿದ್ರೂ ಅವ್ನು ಬರಲ್ಲ. ನೀನೊಂದು ಮಾತು ಕೇಳಿ ನೋಡು. ತಿಂಗಳು ಮುಗಿದ್ರೆ ಯಾರನ್ನೂ ಸೇರಿಸ್ಕೊಳ್ಳೋ ಹಾಗಿಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ನಷ್ಟ ಏನು?"

ನಷ್ಟ ಏನೆಂದು ರೇಲೀನಳಿಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಕೆರಾಬಿನ್ ಫೈನಲ್ ತಲುಪಿದಾಗ ಬ್ರೋಡಿ ತಂಡದ ಉದ್ದಾಳು. ಹೊರಗಿನಿಂದ ತಂದ ಇನ್ನೊಬ್ಬ ಉದ್ದಾಳು ಗಾಯ ವಾಸಿಯಾಗಿ ಕೊನೆಯ ವಾರ ಎದ್ದು ನಿಂತ. ಇಬ್ಬರಿಗೂ ಜಾಗವಿರಲಿಲ್ಲ. ಸಮಿತಿಯ ಕೋಣೆಯಲ್ಲಿ ಎರಡೂ ಕಡೆ ಸಮ ಕೈಗಳೆದ್ದವು. ಕೊನೆಯ ಕೈ ರೇಲೀನಳದು. ಅವಳು ಹೊರಗಿನವನಿಗೆ ಎತ್ತಿದಳು. ಕೆರಾಬಿನ್ ಗೆದ್ದಿತು, ಬ್ರೋಡಿಯಿಲ್ಲದ ಆ ಗೆಲುವಿನ ಚಿತ್ರ ಇವತ್ತಿಗೂ ಬಾರಿನ ಗೋಡೆಯ ಮೇಲಿದೆ. ಮರುವರ್ಷ ಬ್ರೋಡಿ ಲಾಕ್ಸ್‌ಬಿಗೆ ಹೋದ, ಅಲ್ಲೇ ಟ್ರ್ಯಾಕ್ಟರ್ ರಿಪೇರಿ ಶೆಡ್ ಹಾಕಿದ, ಮದುವೆಯಾದ, ಒಂದು ಮಗುವಾಯಿತು. ಕ್ರಿಸ್‌ಮಸ್ಸಿಗೆ ಬರುತ್ತಾನೆ, ಮಗಳು ಐವಿಯನ್ನು ಆಗಾಗ ಅಜ್ಜಿಯ ಹತ್ತಿರ ಬಿಟ್ಟುಹೋಗುತ್ತಾನೆ. ಮಳೆಯ ಮಾತು, ಗೋಧಿಯ ಮಾತು, ಐವಿಯ ಅಲುಗಾಡುವ ಹಲ್ಲಿನ ಮಾತು. ಫುಟಿಯ ಮಾತೊಂದನ್ನು ತಾಯಿಯೂ ಎತ್ತುವುದಿಲ್ಲ, ಮಗನೂ ಎತ್ತುವುದಿಲ್ಲ. ಅವರ ಸಂಬಂಧ ಒಡೆದು ಅಂಟಿಸಿದ ಪಿಂಗಾಣಿ ಬಟ್ಟಲು. ತಣ್ಣಗಿನದು ಹಾಕಿದರೆ ನಿಲ್ಲುತ್ತದೆ. ಬಿಸಿ ಹುಯ್ದು ನೋಡುವ ಧೈರ್ಯ ಯಾವ ತಾಯಿಗೆ ಬಂದೀತು?

ಆದರೂ ಭಾನುವಾರ ಬೆಳಿಗ್ಗೆ ಲಿಂಬೆಯ ಸಿಹಿತಿಂಡಿ ಮಾಡಿ ಡಬ್ಬಿಗೆ ತುಂಬಿ ಮಗನ ಮನೆಗೆ ಹೊರಟಳು. ತನಗೇ ಅನುಮಾನ: ಕ್ಲಬ್ಬಿನ ಚಾಕರಿಗೆ ಹೊರಟಿದ್ದೇನೋ, ಮಗ ಮತ್ತೆ ನಮ್ಮ ಬಣ್ಣದ ಅಂಗಿ ತೊಟ್ಟುಕೊಳ್ಳಲಿ ಎಂಬ ಸ್ವಂತ ಆಸೆಗೋ? ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಅವನ ಗೇಟು ಕಂಡಾಗ ಜೋಡಿಸಿದ್ದೆಲ್ಲ ಉದುರಿಹೋಯಿತು. ಐವಿ ಬರಿಗಾಲಲ್ಲಿ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಓಡಿಬರುತ್ತಿದ್ದಳು.

"ಅಯ್ಯೋ, ಚಪ್ಪಲಿ ಎಲ್ಲೇ? ನೆಗಡಿ ಆಗುತ್ತೆ!"

"ನ್ಯಾನ್, ಹಲ್ಲು ಬಿತ್ತು!" ಎಂದು ಐವಿ ಅಜ್ಜಿಗೆ ಬಾಯಿ ಅಗಲಿಸಿ ತೋರಿಸಿದಳು.

ಅಡುಗೆಮನೆಯ ಮೇಜಿಗೆ ಮೂವರೂ ಕೂತರು. ಸೊಸೆ ಮನೆಯಲ್ಲಿರಲಿಲ್ಲ. ಬ್ರೋಡಿ ಚಹಾ ಸುರಿದು ಕೊಟ್ಟ. ಉಗುರಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗದ ಕೈ. ರೇಲೀನ್ ಮಳೆಯ ಬಗ್ಗೆ ಹೇಳಿದಳು. ಅವನು ಹೂಂ ಎಂದ. ಬಿತ್ತನೆಯ ಬಗ್ಗೆ ಹೇಳಿದಳು. ಅದಕ್ಕೂ ಹೂಂ. ಆಮೇಲೆ ಅವನೇ ಕೇಳಿದ:

"ಡೇಲ್ ಮೊಣಕಾಲು ಹೇಗಿದೆ?"

ಒಂಬತ್ತು ವರ್ಷದಲ್ಲಿ ಅವರ ನಡುವೆ ಬಿದ್ದ ಮೊದಲ ಫುಟಿ ಮಾತು. ರೇಲೀನ್ ಕಪ್ಪನ್ನು ತಟ್ಟೆಯ ಮೇಲಿಟ್ಟಳು.

"ಹೋಯ್ತು. ಈ ವರ್ಷಕ್ಕಿಲ್ಲ."

"ನಾನು ಒಂದು ಪಾಯಿಂಟು."

"ಗೊತ್ತು."

"ವಿನ್ಸ್ ಕಳಿಸಿದ್ನಾ, ನೀನೇ ಬಂದ್ಯಾ?"

ಇಲ್ಲ ಎನ್ನಬಹುದಿತ್ತು. ಮಗುವನ್ನು ನೋಡಲು ಬಂದೆ ಎನ್ನಬಹುದಿತ್ತು. ಆದರೆ ಅವಳು ಸುಳ್ಳಾಡಿದರೆ ಈ ಹುಡುಗನಿಗೆ ಚಿಕ್ಕಂದಿನಿಂದಲೂ ಗೊತ್ತಾಗಿಬಿಡುತ್ತದೆ.

"ವಿನ್ಸ್ ಕಳಿಸಿದ. ನನಗೂ ಬೇಕಿತ್ತು. ಎರಡೂ ಕಲಸಿಹೋಗಿದೆ ಕಣೋ, ಯಾವುದು ಎಷ್ಟು ಅಂತ ನನಗೇ ಗೊತ್ತಾಗ್ತಿಲ್ಲ."

ಬ್ರೋಡಿ ಕಿಟಕಿಯಾಚೆ ನೋಡಿದ. "ಆವತ್ತು ನೀನು ಕೈ ಎತ್ತಿದ್ದಕ್ಕೆ ನನಗೆ ಸಿಟ್ಟು ಅಂದ್ಕೊಂಡಿದೀಯಲ್ವಾ?"

"ಮತ್ತೆ?"

"ಅವನು ನನಗಿಂತ ಚೆನ್ನಾಗಿ ಆಡ್ತಿದ್ದ. ನಾನು ಆ ಕೋಣೇಲಿದ್ರೂ ಅವನನ್ನೇ ತಗೋತಿದ್ದೆ." ಅವಳ ಕಡೆ ತಿರುಗಿದ. "ನೀನು ಕೈ ಎತ್ತಿ, ಅಲ್ಲಿಂದ ಎದ್ದು ಬಂದು, ನನಗೆ ಊಟ ಬಡಿಸಿದೆ. ತಂಡದ ಹೆಸರು ಓದೋಕೆ ಇನ್ನೂ ಒಂದು ಗಂಟೆ ಇತ್ತು. ಇನ್ನೊಂದು ತುಂಡು ಮಾಂಸ ಹಾಕ್ಕೋ, ಶನಿವಾರಕ್ಕೆ ಶಕ್ತಿ ಬೇಕಲ್ಲ ಅಂದೆ. ನಾನೂ ಹಾಕ್ಕೊಂಡೆ. ಮೇಜಿನ ಸುತ್ತ ಇದ್ದ ಅಷ್ಟೂ ಸೆಲೆಕ್ಟರುಗಳು ನಾನು ತಿನ್ನೋದನ್ನ ನೋಡ್ತಾ ಕೂತಿದ್ರು."

ರೇಲೀನಳಿಗೆ ಅದು ನೆನಪೇ ಇರಲಿಲ್ಲ. ಹೆಸರು ಓದುವವರೆಗೆ ಕೋಣೆಯ ಮಾತು ಗಂಡ ಹೆಂಡತಿಯ ಕಿವಿಗೂ ಬೀಳಬಾರದು, ಅದು ಕ್ಲಬ್ಬಿನ ನಿಯಮ. ಮೊದಲ ಹೆಂಗಸು ಎಂದು ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ಅವಳು ಬೀಗ ಹಾಕಿಕೊಂಡಿದ್ದಳು, ಮತ್ತು ಅದನ್ನು ಇಷ್ಟು ವರ್ಷವೂ ತನ್ನ ಹೆಚ್ಚುಗಾರಿಕೆ ಎಂದೇ ಎಣಿಸಿದ್ದಳು. ಶನಿವಾರಕ್ಕೆ ಶಕ್ತಿ ಬೇಕಲ್ಲ ಎಂಬ ಮಾತು ಅವಳು ಪ್ರತಿ ಗುರುವಾರ ಪ್ರತಿ ಹುಡುಗನಿಗೂ ಹೇಳುವ ಮಾತು. ಬಾಯಿಗೆ ತಾನಾಗಿ ಬಂದಿರಬೇಕು.

"ಹೇಳೋ ಹಾಗಿರ್ಲಿಲ್ಲ ಕಣೋ," ಎಂದಳು. ದನಿ ಕಿಂಡಿಯ ರೇಲೀನಳದಾಗಿರಲಿಲ್ಲ.

"ಗೊತ್ತಮ್ಮ. ಹೇಳ್ಬೇಕಿರ್ಲಿಲ್ಲ. ಬಾ ಹೊರಗೆ, ಸ್ವಲ್ಪ ಗಾಳಿ ಕುಡ್ಯೋಣ ಅಂದಿದ್ರೆ ಸಾಕಿತ್ತು. ನನಗೆ ಅರ್ಥ ಆಗಿರೋದು."

ಅವಳು ಮೇಜಿನ ಮೇಲಿನ ಸಿಹಿಯ ಪುಡಿಯನ್ನು ಬೆರಳಿಂದ ಒಂದು ಕಡೆ ಗುಡ್ಡೆ ಮಾಡಿದಳು. ಕೈ ಎತ್ತಿದ್ದು ಸರಿ ಎಂದು ಊರಿಗೆಲ್ಲ ವಾದಿಸಿ ಗೆದ್ದಿದ್ದಳು. ಆ ಊಟದ ಬಗ್ಗೆ ಯಾರೂ ಕೇಳಿರಲೇ ಇಲ್ಲ.

"ತಪ್ಪಾಯ್ತು ಬ್ರೋಡಿ."

ಅವನು ತಲೆಯಾಡಿಸಿದ. ಇನ್ನೊಂದು ಸಲ ಚಹಾ ಸುರಿದ. ಆಮೇಲೆ ಮೆತ್ತಗೆ ಅಂದ, "ನಾನು ಬರಲ್ಲಮ್ಮ. ಇಲ್ಲಿ ಹುಡುಗರನ್ನ ಸೀಸನ್ ಮಧ್ಯೆ ಬಿಟ್ಟು ಬರೋಕಾಗಲ್ಲ."

"ಬರ್ಬೇಡ. ಮಧ್ಯದಲ್ಲಿ ಕೈಕೊಟ್ಟು ಬಂದ್ರೆ ಕಿಂಡೀಲಿ ನಿಂತು ನಿನ್ನ ಮಾನ ಕಳೆಯೋಳು ನಾನೇ."

ಅವನಿಗೆ ನಗು ಬಂತು. ಐವಿ ತುಟಿಯ ಮೇಲಿನ ಸಕ್ಕರೆ ನೆಕ್ಕುತ್ತ ಕೇಳಿದಳು: "ನ್ಯಾನ್, ಎಲ್ಲರ ನ್ಯಾನೂ ಡ್ಯಾಡಿ ಆಟಕ್ಕೆ ಬರ್ತಾರೆ. ನೀನ್ಯಾಕೆ ಬರಲ್ಲ?"

"ಶನಿವಾರ ನ್ಯಾನ್‌ಗೆ ಕೆಲ್ಸ ಇರುತ್ತೆ ಪುಟ್ಟಿ," ಎಂದ ಬ್ರೋಡಿ ತಟ್ಟನೆ.

"ಈ ಶನಿವಾರ ಇಲ್ಲ," ಎಂದಳು ರೇಲೀನ್. ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು.

ಸಂಜೆ ವಿನ್ಸ್‌ಗೆ ಫೋನು ಮಾಡಿ ಆಗಲಿಲ್ಲ ಎಂದಳು. ಅವನು ಒಂದು ಸಲ ಉಸಿರು ಬಿಟ್ಟು, ಬೇರೆ ಹೆಸರುಗಳನ್ನು ಹೇಳತೊಡಗಿದ. ಶನಿವಾರ ಕ್ಲಬ್ಬಿನ ಕ್ಯಾಂಟೀನು ನೋಡಿಕೊಳ್ಳಲು ಬರುವುದಿಲ್ಲ, ಮಗನ ಆಟಕ್ಕೆ ಹೋಗುತ್ತೇನೆ ಎಂದದ್ದನ್ನು ಮಾತ್ರ ಅವನು ಎರಡೆರಡು ಸಲ ಕೇಳಿ ಹೇಳಿಸಿಕೊಂಡ. ಸುದ್ದಿ ಕ್ಲ್ಯಾರಿಯ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ಮರುದಿನ ಅವನು ಅವಳನ್ನು ಪೆಟ್ರೋಲ್ ಬಂಕಿನಲ್ಲಿ ಹಿಡಿದುಕೊಂಡ. "ಲಾಕ್ಸ್‌ಬೀಗೆ ಹೊರಟ್ಯಂತೆ? ವಾಪಸ್ ಬರೋವಾಗ ನಿನಗೂ ಐದು ಪಾಯಿಂಟು ಆಗಿರುತ್ತೆ ನೋಡು, ಸೇರಿಸ್ಕೊಳ್ಳಲ್ಲ."

"ನಾನು ಈ ಮನೆ ಮಗಳು ಕಣೋ ಮುದುಕ. ಎಲ್ಲಿಗೆ ಹೋದ್ರೂ ಒಂದೇ," ಎಂದಳು. ಕಾರಿನೊಳಗೆ ಕೂತ ಮೇಲೆ ಕೀಲಿ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಶನಿವಾರ ಲಾಕ್ಸ್‌ಬಿಯ ಮೈದಾನದ ಸುತ್ತ ಕಾರುಗಳು ಮೂತಿ ಒಳಗೆ ಮಾಡಿ ನಿಂತಿದ್ದವು. ಆವತ್ತು ಆಟ ಬೇರೊಂದು ಊರಿನ ತಂಡದ ಮೇಲೆ. ಗಡಿಗೆರೆಯ ಪಕ್ಕದಲ್ಲೇ ಮಕ್ಕಳು ತಮ್ಮದೇ ಚೆಂಡು ಒದ್ದುಕೊಂಡು ಓಡಾಡುತ್ತಿದ್ದರು. ದೊಡ್ಡವರ ಚೆಂಡು ಯಾವಾಗ ಬಂದು ಯಾವ ಮಗುವಿನ ಕಿವಿಗೆ ಬಡಿಯುತ್ತದೋ ಎಂದು ರೇಲೀನ್ ಐವಿಯ ಟೋಪಿ ಹಿಡಿದೇ ನಿಂತಳು. ಗುರುತಿನವರು ದೂರದಿಂದ ತಲೆಯಾಡಿಸಿದರು. ಪಕ್ಕದಲ್ಲಿ ನಿಂತಿದ್ದ ಮೀಸೆಯವನು ಊರಿಗೆ ಹೊಸಬನಿರಬೇಕು, ಅವಳ ಗುರುತು ಸಿಕ್ಕಿರಲಿಲ್ಲ.

"ಈ ನೋಸ್ಕೆಗೆ ವಯಸ್ಸಾಯ್ತು ಬಿಡಿ," ಎಂದ ಅವನು ನಾಲ್ಕು ಪಾದಗಳ ಆಟದ ಮೂರನೆಯ ಪಾದದ ಹೊತ್ತಿಗೆ. ಬ್ರೋಡಿ ಹಾರಿದ್ದ, ಎದುರಿನ ಹುಡುಗ ಅವನಿಗಿಂತ ಒಂದು ಗೇಣು ಮೇಲೆ ಹಾರಿದ್ದ. "ಮುಂದಿನ ವರ್ಷಕ್ಕೆ ಇವನನ್ನ ಇಟ್ಕೊಂಡ್ರೆ ತಂಡ ಮುಳುಗುತ್ತೆ. ಏನಂತೀರಿ?"

ಇಂಥ ಮಾತನ್ನು ಬೇರೆಯವರ ಮಕ್ಕಳ ಬಗ್ಗೆ ಅವಳೇ ಎಷ್ಟು ಸಲ ಆಡಿದ್ದಳೋ! ಅವರ ತಾಯಂದಿರು ಎಲ್ಲಿ ನಿಂತಿದ್ದರೋ. ರೇಲೀನ್ ಕಣ್ಣು ಕಿರಿದು ಮಾಡಿ ಮಗನ ಓಟವನ್ನು ನೋಡಿದಳು. ತಾಯಿಯಾಗಿ ನೋಡಿದಳು, ತಂಡ ಆರಿಸುವವಳ ಹಳೆಯ ಅಭ್ಯಾಸದಂತೆಯೂ ನೋಡಿದಳು.

"ಹಾರೋದು ಕಡಿಮೆಯಾಗಿದೆ ನಿಜ," ಎಂದಳು. "ಆದ್ರೆ ಚೆಂಡು ಎಲ್ಲಿ ಬೀಳುತ್ತೆ ಅಂತ ಇವನಿಗೆ ಮೊದ್ಲೇ ಗೊತ್ತಾಗುತ್ತೆ, ಕಾಲು ನೋಡಿ. ಇನ್ನೊಂದು ವರ್ಷ ಇಟ್ಕೊಳ್ಳಿ. ಆಮೇಲೆ ಬಿಡಿ. ಅವನು ನನ್ನ ಮಗ."

ಮೀಸೆಯವನು ಕೆಮ್ಮಿ, ಚಹಾ ತರುತ್ತೇನೆಂದು ಹೊರಟುಹೋದ.

ಮೂರನೆಯ ಪಾದ ಮುಗಿದ ಸೈರನ್ ಕೂಗಿತು. ನಮ್ಮ ಕಡೆಯ ಮೈದಾನಗಳಲ್ಲಿ ಆಗ ಊರಿಗೆ ಊರೇ ಗೆರೆ ದಾಟಿ ಒಳಗೆ ಹೋಗುತ್ತದೆ. ಕೋಚು ಹುಡುಗರನ್ನು ಬೈಯುವುದನ್ನು ಕೇಳಲು ಅವರ ಸುತ್ತ ಕೋಟೆಯಂತೆ ನಿಲ್ಲುತ್ತದೆ. ಮುದುಕರು, ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡ ಹೆಂಗಸರು, ನಾಯಿಗಳು, ಎಲ್ಲರೂ. ಆದರೆ ನಿಮ್ಮ ಊರಿನ ಕೋಟೆಗೆ ಮಾತ್ರ. ಎದುರಾಳಿ ಊರಿನ ಗುಂಪಿನೊಳಗೆ ನಿಂತವರನ್ನು ರೇಲೀನ್ ಜೀವಮಾನದಲ್ಲಿ ಕಂಡಿರಲಿಲ್ಲ.

ಐವಿ ಕೈ ಜಗ್ಗಿದಳು. "ಬಾ ನ್ಯಾನ್, ಹೋಗೋಣ."

"ನೀನು ಹೋಗು, ನಾನಿಲ್ಲೇ..."

ದೂರದಲ್ಲಿ ನೀರು ಕುಡಿಯುತ್ತಿದ್ದ ಬ್ರೋಡಿ ಬಾಟಲಿ ಇಳಿಸಿ, ಗುಂಪಿನ ತಲೆಗಳ ಮೇಲಿಂದ ಈ ಕಡೆ ನೋಡಿದ. ಕೈ ಬೀಸಲಿಲ್ಲ. ತನ್ನ ಪಕ್ಕದಲ್ಲಿದ್ದವನ ಭುಜ ಹಿಡಿದು ಸ್ವಲ್ಪ ಸರಿಸಿ ಜಾಗ ಬಿಡಿಸಿದ.

ರೇಲೀನ್ ಐವಿಯ ಟೋಪಿಯನ್ನು ಕಿವಿಯ ಮೇಲೆ ಎಳೆದು ಸರಿಮಾಡಿ, ಗೆರೆ ದಾಟಿ ಒಳಗೆ ನಡೆದಳು.