ಕಪಿಲೆಗೆ ಹಾಸಿದ ಸೊಪ್ಪು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯಾರೂ ಸೊಪ್ಪನ್ನು ಕಸ ಎನ್ನುತ್ತಿರಲಿಲ್ಲ. ಹಸಿರಾಗಿದ್ದರೆ ಅದು ಸೊಪ್ಪು, ಒಣಗಿದ್ದರೆ ತರಗೆಲೆ. ಎರಡೂ ಕೊಟ್ಟಿಗೆಗೆ ಹೋಗಬೇಕು, ದನದ ಕಾಲ ಕೆಳಗೆ ಬೀಳಬೇಕು, ಸಗಣಿ ಗಂಜಲದಲ್ಲಿ ನೆನೆದು ಗೊಬ್ಬರವಾಗಬೇಕು. ಇದು ಕೋಣಂದೂರಿನ ಹತ್ತಿರವಿದ್ದ ಅಪ್ಪನ ಊರಿನ ಕ್ರಮ. ಅಲ್ಲಿ ಹೆಂಗಸರು ಬೆಳಗಾದರೆ ಗುಡ್ಡಕ್ಕೆ ಹೋಗಿ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದರು. ಅಪ್ಪನಿಗೆ ಕಾರ್ಗಲ್ಲಿನ ವಿದ್ಯುತ್ ಯೋಜನೆಯಲ್ಲಿ ಕೆಲಸ ಸಿಕ್ಕಿ ನಾವು ಕಾಲೊನಿಯ ಕ್ವಾರ್ಟರ್ಸಿಗೆ ಬಂದರೂ ಆ ಅಭ್ಯಾಸ ಅವನನ್ನು ಬಿಡಲಿಲ್ಲ. ಊರಿನಿಂದ ಲಾರಿಯಲ್ಲಿ ನಮ್ಮ ಹಸು ಕಪಿಲೆಯನ್ನೂ ಕರೆತಂದು, ಮನೆಯ ಹಿಂದೆ ತಗಡಿನ ಮಾಡು ಹಾಕಿ ಕಟ್ಟಿದ್ದ. ಸಾಲಾಗಿ ನಿಂತ ಒಂದೇ ಥರದ ಮನೆಗಳ ನಡುವೆ ಸಗಣಿ ವಾಸನೆ ಬರುತ್ತಿದ್ದುದು ನಮ್ಮ ಮನೆಯಿಂದ ಮಾತ್ರ. ಅಪ್ಪನಿಗೆ ಅದೇ ಒಂದು ಹೆಮ್ಮೆ.

ಆ ಬೇಸಿಗೆಯಲ್ಲಿ ಅಮ್ಮನಿಗೆ ಟೈಫಾಯ್ಡ್ ಬಂತು. ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ತಮ್ಮ, ಆಗಿನ್ನೂ ಮಗುಚಿಕೊಳ್ಳಲು ಕಲಿಯುತ್ತಿದ್ದ ಕೂಸು. ಜ್ವರದಲ್ಲಿ ಅಮ್ಮನ ಎದೆಹಾಲು ನಿಂತುಹೋಯಿತು. ಡಬ್ಬಿಯ ಪುಡಿ ಕಲಸಿ ಕೊಟ್ಟರೆ ಅವನು ಎಲ್ಲವನ್ನೂ ಕಕ್ಕಿಬಿಡುತ್ತಿದ್ದ. ಕಪಿಲೆಯ ಹಾಲಿಗೆ ನೀರು ಬೆರೆಸಿ, ಕಾಯಿಸಿ, ಆರಿಸಿ, ಮೂತಿಯಿರುವ ಪುಟ್ಟ ಒಳಲೆಯಲ್ಲಿ ಕುಡಿಸಿದರೆ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ಕಪಿಲೆ ಗಿಡ್ಡ ತಳಿಯ ಪುಟ್ಟ ಹಸು. ಅವಳು ಕೊಡುತ್ತಿದ್ದುದೂ ಸ್ವಲ್ಪವೇ. ಕರುವಿಗೆ ಬಿಟ್ಟು ಉಳಿದಿದ್ದೆಲ್ಲ ತಮ್ಮನಿಗೆ. ನಾವೆಲ್ಲ ಕರಿ ಚಹಾ ಕುಡಿಯುತ್ತಿದ್ದೆವು.

ನಮ್ಮ ಕ್ವಾರ್ಟರ್ಸಿನ ಮುಂದೆ ನಮಗಿಂತ ಮೊದಲು ಇದ್ದವರು ಕಣಗಿಲೆ ಮತ್ತು ದಾಸವಾಳವನ್ನು ಬೆರೆಸಿ ಬೇಲಿ ಬೆಳೆಸಿದ್ದರು. ಅದು ಕಿಟಕಿಯನ್ನೂ ದಾಟಿ ಬೆಳೆದು, ಒಳಗೆಲ್ಲೋ ಹಾವಿನ ಪೊರೆ ಕಂಡು, ಕಾಲೊನಿಯ ಆಫೀಸಿನಿಂದ ಎಲ್ಲರೂ ಬೇಲಿ ಕತ್ತರಿಸಿ ಎಂದು ಹೇಳಿ ಕಳಿಸಿದರು. ರಜದ ದಿನ ಅಪ್ಪ ಕತ್ತಿ ಮಸೆದುಕೊಂಡು ಇಡೀ ಬೇಲಿಯನ್ನು ಸೊಂಟದ ಎತ್ತರಕ್ಕೆ ಇಳಿಸಿದ. ಅಕ್ಕ ಮತ್ತು ನಾನು ಕೊಂಬೆಗಳನ್ನು ಎಳೆದು ಅಂಗಳಕ್ಕೆ ಹಾಕಿದೆವು. ಕಣಗಿಲೆಯ ಬಿಳಿ ಹಾಲು ಕೈಗೆ ಅಂಟಿ ಕಪ್ಪಾಯಿತು. ದಾಸವಾಳದ ಲೋಳೆ, ಹಸಿ ಎಲೆಯ ಘಾಟು, ಕೆಂಪು ಹೂವುಗಳು ಎಲ್ಲ ಸೇರಿ ಅಕ್ಕನಷ್ಟು ಎತ್ತರದ ಗುಡ್ಡೆಯಾಯಿತು. ಅದು ಅಲ್ಲೇ ಬಿಸಿಲಿನಲ್ಲಿ ಬಾಡುತ್ತಾ ಬಿದ್ದಿತ್ತು, ಏಕೆಂದರೆ ಅದನ್ನು ಏನು ಮಾಡುವುದೆಂದು ಮನೆಯಲ್ಲಿ ಒಮ್ಮತವಿರಲಿಲ್ಲ.

ಪಕ್ಕದ ಮನೆಯವರು ತಮ್ಮ ಗುಡ್ಡೆಗೆ ಬೆಂಕಿ ಕೊಟ್ಟಿದ್ದರು. ಹೊಗೆ ಬಂದು ಅಮ್ಮ ಮಲಗಿದಲ್ಲೇ ಕೆಮ್ಮಿದಳು. ಇನ್ನು ಕೆಲವರು ಕಾಲೊನಿಯ ಹಿಂದಿನ ಕೊರಕಲಿಗೆ ಎಸೆದು ಕೈ ತೊಳೆದುಕೊಂಡರು. ವಾರಕ್ಕೊಮ್ಮೆ ಕಸದ ಟ್ರ್ಯಾಕ್ಟರ್ ಬರುತ್ತಿತ್ತು.

"ಟ್ರ್ಯಾಕ್ಟರಿಗೆ ಹಾಕಾಣ ಅಪ್ಪ, ರಗಳೆನೇ ಇಲ್ಲ" ಎಂದಳು ಅಕ್ಕ.

"ಇಷ್ಟು ಸೊಪ್ಪನ್ನ ಯಾರಾದ್ರೂ ಬಿಟ್ಟಿ ಕೊಡ್ತಾರೇನೇ? ಊರಲ್ಲಾಗಿದ್ರೆ ಇದಕ್ಕೆ ಗುಡ್ಡ ಹತ್ತಿ ಇಳೀಬೇಕಿತ್ತು. ಕೊಟ್ಟಿಗೆಗೆ ಹಾಸಾಣ" ಎಂದ ಅಪ್ಪ.

"ಅದ್ರಲ್ಲಿ ಕಣಗಿಲೆ ಇದ್ಯಲ್ಲ, ವಿಷ ಅದು."

"ಇದ್ರೆ ಎಂತ ಆಯ್ತು? ಕಣಗಿಲೆನ ದನ ಮೂಸಿನೂ ನೋಡಲ್ಲ. ನಮ್ಮೂರಲ್ಲಿ ಬಾಗ್ಲಲ್ಲೇ ಇರ್ಲಿಲ್ವಾ, ಯಾವ ದನ ಮುಟ್ಟಿತ್ತು ಹೇಳು?"

ಅಪ್ಪ ಹೇಳಿದ್ದು ನಿಜವೇ ಆಗಿತ್ತು. ಊರಿನ ಮನೆಯ ಮುಂದೆ ಕಣಗಿಲೆ ಗಿಡವಿತ್ತು, ದನಗಳು ಅದನ್ನು ಸವರಿಕೊಂಡೇ ಓಡಾಡುತ್ತಿದ್ದವು, ಒಂದು ಎಲೆಯನ್ನೂ ಕಚ್ಚುತ್ತಿರಲಿಲ್ಲ. ಸಂಜೆ ಅಪ್ಪ ಹಾಡಿಕೊಳ್ಳುತ್ತಾ ಕೊಟ್ಟಿಗೆಯ ತುಂಬ ಸೊಪ್ಪು ಹಾಸಿದ. ಕಾಲೊನಿಗೆ ಬಂದ ಮೇಲೆ ಕಪಿಲೆಗೆ ಅಷ್ಟು ದಪ್ಪನೆಯ ಹಾಸಿಗೆ ಸಿಕ್ಕಿದ್ದು ಅದೇ ಮೊದಲು. ನಾನು ಅದರ ಮೇಲೆ ಕುಣಿದು ಬೈಸಿಕೊಂಡೆ. ಆಮೇಲೆ ಅಪ್ಪ ರಾತ್ರಿ ಪಾಳಿಗೆ ಹೋದ.

ಬೆಳಿಗ್ಗೆ ಅಕ್ಕ ಹಾಲು ಕರೆಯಲು ಹೋದಾಗ ಕಪಿಲೆ ತಲೆ ಇಳಿಬಿಟ್ಟು ನಿಂತಿದ್ದಳು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಸಗಣಿ ನೀರಾಗಿತ್ತು. ಅಕ್ಕ ಹೇಗೋ ಒಂದಿಷ್ಟು ಹಾಲು ಕರೆದು, ಕಾಯಿಸಿ, ಆರಲು ಇಟ್ಟು ಬಂದಳು. ಅಷ್ಟರಲ್ಲಿ ಅಪ್ಪ ಪಾಳಿ ಮುಗಿಸಿ ಬಂದ. ಹೊಟ್ಟೆ ಮುಟ್ಟಿ ನೋಡಿ, "ಉಬ್ಬರ ಇದು. ಬಿಸಿಲಿಗೆ ಹುಲ್ಲು ಕೆಟ್ಟಿರ್ಬೇಕು" ಎಂದ. ಓಮದ ಕಷಾಯಕ್ಕೆ ಎಣ್ಣೆ ಬೆರೆಸಿ ಬಿದಿರಿನ ಗೊಟ್ಟದಲ್ಲಿ ಕುಡಿಸಿದ. ಆಮೇಲೆ ಊರಿನಲ್ಲಿ ಎಲ್ಲರೂ ಮಾಡುವಂತೆ ಹಗ್ಗ ಹಿಡಿದು ಅವಳನ್ನು ನಡೆಸತೊಡಗಿದ. ನಡೆದರೆ ಗಾಳಿ ಹೋಗುತ್ತದೆ, ಉಬ್ಬರ ಇಳಿಯುತ್ತದೆ ಎಂಬ ನಂಬಿಕೆ. ಕಪಿಲೆ ಪಾಪ ಎಳೆದ ಕಡೆ ಬಂದಳು. ಮನೆಯ ಸುತ್ತ, ರಸ್ತೆಯ ತುದಿಯವರೆಗೆ, ಮತ್ತೆ ಹಿಂದಕ್ಕೆ. ಕೊನೆಗೆ ಮುಂಗಾಲು ಮಡಚಿ ಅಂಗಳದಲ್ಲೇ ಕುಸಿದಳು. ಅಪ್ಪ ಅವಳ ಬಾಲ ತಿರುಚಿದ, ಹೆಗಲು ಕೊಟ್ಟು ಎತ್ತಲು ನೋಡಿದ. ಆಗಲಿಲ್ಲ.

"ಓಡೋ, ದನದ ಡಾಕ್ಟ್ರನ್ನ ಕರ್ಕೊಂಡ್ ಬಾ" ಎಂದ.

ನಾನು ಓಡಿದೆ. ಟಾರು ಬಿಸಿಯಾಗಿ ಅಂಗಾಲು ಸುಡುತ್ತಿತ್ತು. ದನದ ಆಸ್ಪತ್ರೆಯ ಬಾಗಿಲು ತೆರೆದಿತ್ತು, ಡಾಕ್ಟರು ಹಳ್ಳಿಯೊಂದಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಕೂರಲಾಗದೆ, ಮನೆಗೆ ಬರಿಗೈಯಲ್ಲಿ ಹೋಗಲೂ ಆಗದೆ ನಾನು ಗೇಟಿಗೂ ಬಾಗಿಲಿಗೂ ಓಡಾಡಿದೆ. ಬರುವ ಪ್ರತಿ ಮೋಟಾರ್‌ಬೈಕೂ ಅವರದೇ ಅನಿಸುತ್ತಿತ್ತು. ಕಪಿಲೆ ಸತ್ತರೆ ತಮ್ಮ ಏನು ಕುಡಿಯುತ್ತಾನೆ ಎನ್ನುವುದು ಬಿಟ್ಟು ನನ್ನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅವರು ಬಂದಾಗ ಅತ್ತುಬಿಟ್ಟೆ. ಅವರು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡರು.

ಡಾಕ್ಟರು ಕಪಿಲೆಯ ಎದೆಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. "ಹೊಟ್ಟೆಗಿಂತ ಎದೆಬಡಿತ ಕೆಟ್ಟಿದೆ. ಎಂತ ತಿಂದಿದೆ?" ಎಂದರು.

"ಹುಲ್ಲೇ ಡಾಕ್ಟ್ರೇ. ಬೇರೆ ಎಂತದೂ ಹಾಕಿಲ್ಲ" ಎಂದ ಅಪ್ಪ.

ಡಾಕ್ಟರು ಎದ್ದು ಕೊಟ್ಟಿಗೆಗೆ ಹೋದರು. ಬಗ್ಗಿ ಹಾಸಿಗೆಯಿಂದ ಒಂದು ಕೊಂಬೆ ಎತ್ತಿದರು. ದಾಸವಾಳ. ಎಲೆಯೆಲ್ಲ ಖಾಲಿ. ಅದರ ಜೊತೆ ಸಿಕ್ಕಿಕೊಂಡು ಬಂದಿದ್ದು ಕಣಗಿಲೆ. ಅದರ ಎಲೆಗಳೂ ಅರ್ಧಕ್ಕೆ ಕತ್ತರಿಸಿದಂತಿದ್ದವು. ಅಪ್ಪ ಅದನ್ನು ಅವರ ಕೈಯಿಂದ ತೆಗೆದುಕೊಂಡು ನೋಡಿದ, ತಿರುಗಿಸಿ ಮತ್ತೆ ನೋಡಿದ.

"ದನ ಕಣಗಿಲೆ ತಿನ್ನಲ್ಲ ಡಾಕ್ಟ್ರೇ" ಎಂದ, ಅವರು ಒಪ್ಪಿಬಿಟ್ಟರೆ ಸಾಕು ಎನ್ನುವಂತೆ.

"ಹಸಿ ಸೊಪ್ಪಾದ್ರೆ ತಿನ್ನಲ್ಲ. ಬಾಡಿದ್ಮೇಲೆ ಕಹಿ ಅಷ್ಟು ಗೊತ್ತಾಗಲ್ಲ ಅದಕ್ಕೆ. ಈ ಬಿಸಿಲಲ್ಲಿ ಹಸಿರು ಕಂಡು ಎಷ್ಟು ದಿನ ಆಗಿತ್ತೋ. ದಾಸವಾಳದ ಜೊತೆ ಇದೂ ಬಾಯಿಗೆ ಹೋಗಿದೆ. ಮಲಗಿದಲ್ಲೇ ಇರ್ಲಿ, ಅಲ್ಲಾಡಿಸ್ಬೇಡಿ. ಎದೆಗೆ ಆಯಾಸ ಆಗ್ಬಾರ್ದು."

"ನಾನು ಬೆಳಿಗ್ಗಿಂದ ಓಡಾಡಿಸ್ದೆ" ಎಂದ ಅಪ್ಪ.

ಡಾಕ್ಟರು ಇದ್ದಿಲು ಕುಟ್ಟಿ ನೀರಲ್ಲಿ ಕಲಸಿ ತರಲು ಹೇಳಿ, ಸೂಜಿಮದ್ದು ಕೊಟ್ಟರು. ಆಮೇಲೆ ಏನೋ ಹೊಳೆದವರಂತೆ ತಲೆ ಎತ್ತಿ, "ಬೆಳಿಗ್ಗೆ ಹಾಲು ಕರೆದಿದ್ರಾ? ಯಾರೂ ಕುಡೀಬೇಡಿ ಅದನ್ನ" ಎಂದರು.

ಅಕ್ಕ ಮತ್ತು ನಾನು ಒಟ್ಟಿಗೆ ಒಳಗೆ ಓಡಿದೆವು. ತಮ್ಮ ಹಸಿವಿಗೆ ಅತ್ತನೆಂದು ಅಮ್ಮ ಗೋಡೆ ಹಿಡಿದುಕೊಂಡು ಎದ್ದು, ಆರಿದ ಹಾಲನ್ನು ಒಳಲೆಗೆ ಹಾಕಿ ಕುಡಿಸುತ್ತಿದ್ದಳು. ಅಕ್ಕ ಒಳಲೆಯನ್ನು ಕಿತ್ತುಕೊಂಡಳು. ಅದರಲ್ಲಿ ಅರ್ಧ ಉಳಿದಿತ್ತು. ತಮ್ಮನ ತುಟಿಯ ಮೇಲೆ ಹಾಲಿನ ನೊರೆಯಿತ್ತು, ಅವನು ಇನ್ನೂ ಬೇಕೆಂದು ಬಾಯಿ ಚಪ್ಪರಿಸುತ್ತಿದ್ದ. ವಿಷಯ ತಿಳಿದ ಅಮ್ಮ ಕೂತಲ್ಲೇ ಅವನನ್ನು ಎದೆಗೆ ಒತ್ತಿಕೊಂಡು, "ನಾನೇ ಕೊಟ್ನಲ್ಲೋ, ನನ್ನ ಕೈಯಾರೆ ಕೊಟ್ನಲ್ಲೋ" ಎಂದು ಹೇಳುತ್ತಲೇ ಇದ್ದಳು. ಅಷ್ಟು ಹೆದರಿಕೆ ಆಮೇಲೆ ಬದುಕಿನಲ್ಲಿ ನನಗೆ ಯಾವತ್ತೂ ಆಗಿಲ್ಲ.

"ಅಷ್ಟು ಹಾಲಿಗೆ ಏನೂ ಆಗ್ದೇ ಇರ್ಬಹುದು. ಆದ್ರೂ ಈಗ್ಲೇ ಆಸ್ಪತ್ರೇಲಿ ತೋರಿಸ್ಬಿಡಿ" ಎಂದರು ಡಾಕ್ಟರು ಬಾಗಿಲಲ್ಲಿ ನಿಂತು.

ಅಪ್ಪ ಒಮ್ಮೆ ಅಂಗಳದಲ್ಲಿ ಮಲಗಿದ್ದ ಕಪಿಲೆಯನ್ನು ನೋಡಿದ, ಒಮ್ಮೆ ತಮ್ಮನನ್ನು ನೋಡಿದ. ಸೈಕಲ್ ತೆಗೆದ. ಅಕ್ಕ ಕೂಸನ್ನು ಟವಲಿನಲ್ಲಿ ಸುತ್ತಿಕೊಂಡು ಹಿಂದೆ ಕೂತಳು. ಹೋಗುವಾಗ ಅಪ್ಪ ನನಗೆ ಹೇಳಿದ್ದು ಇಷ್ಟೇ: "ಅವಳ ಹತ್ರ ಇರು."

ನಾನು ಅವಳ ಹತ್ತಿರ ಇದ್ದೆ. ಗೋಣಿಚೀಲ ನೆನೆಸಿ ಅವಳ ಮೈಮೇಲೆ ಹೊದಿಸಿದೆ. ಕುತ್ತಿಗೆಯ ಕೆಳಗಿನ ಜೋಲು ಚರ್ಮವನ್ನು ಸವರುತ್ತಾ ಕೂತೆ, ಅವಳಿಗೆ ಅದು ಇಷ್ಟವಿತ್ತು. ಡಾಕ್ಟರು ಇದ್ದಿಲಿನ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿದರು, ಅರ್ಧ ಹೊರಗೆ ಚೆಲ್ಲಿತು. ಅವಳ ಉಸಿರು ಒಮ್ಮೆ ಜೋರಾಗಿ, ಒಮ್ಮೆ ತೀರ ನಿಧಾನವಾಗಿ ಬರುತ್ತಿತ್ತು. ನಡುನಡುವೆ ನಿಂತುಹೋದಂತಾಗಿ ನಾನು ಡಾಕ್ಟರ ಮುಖ ನೋಡುತ್ತಿದ್ದೆ. ಹಿತ್ತಲಲ್ಲಿ ಬೇರೆಯಾಗಿ ಕಟ್ಟಿದ್ದ ಕರು ಹಾಲಿಗಾಗಿ ಕೂಗುತ್ತಿತ್ತು. ಅದು ಕೂಗಿದಾಗಲೆಲ್ಲ ಕಪಿಲೆಯ ಕಿವಿ ಅಲ್ಲಾಡುತ್ತಿತ್ತು. ದೇವರೇ, ಇಬ್ಬರಲ್ಲಿ ಯಾರಿಗೂ ಏನೂ ಆಗದಿರಲಿ ಎಂದು ಬೇಡಿಕೊಂಡೆ. ಮತ್ತೆ ಹಾಗೆ ಇಬ್ಬರನ್ನೂ ಕೇಳಿದರೆ ದೇವರಿಗೆ ಕೋಪ ಬರಬಹುದೆಂದು ಹೆದರಿ ತಮ್ಮನನ್ನು ಮಾತ್ರ ಉಳಿಸು ಎಂದು ಕೇಳಿಕೊಂಡೆ. ಕಪಿಲೆಯ ಪಕ್ಕದಲ್ಲಿ ಕೂತೇ ಹಾಗೆ ಕೇಳಿಕೊಂಡೆ, ಮಕ್ಕಳೇ. ಕರು ಮತ್ತೆ ಕೂಗಿತು. ಈ ಸಲ ಅವಳ ಕಿವಿ ಅಲ್ಲಾಡಲಿಲ್ಲ. ಡಾಕ್ಟರು ಕೊಳವೆಯನ್ನು ಕಿವಿಯಿಂದ ತೆಗೆದು ಮಡಚಿ ಚೀಲದಲ್ಲಿಟ್ಟರು.

ಅಪ್ಪನ ಸೈಕಲ್ ತಿರುವಿನಲ್ಲಿ ಕಾಣಿಸಿತು. "ಮಗು ಚೆನ್ನಾಗಿದೆ, ಎಂತ ತೊಂದ್ರೆನೂ ಇಲ್ಲಂತೆ" ಎಂದು ಅಪ್ಪ ದೂರದಿಂದಲೇ ಕೂಗಿ ಹೇಳಿದ. ಇಳಿದು ಬಂದವನು ನನ್ನ ಮುಖ ನೋಡಿ ಅಲ್ಲೇ ನಿಂತ. ಸೈಕಲ್ ಅವನ ಕೈತಪ್ಪಿ ಬಿತ್ತು. ಅವನು ಕಪಿಲೆಯ ತಲೆಯ ಹತ್ತಿರ ಕೂತು ಅವಳ ಕೊಂಬಿನ ಬುಡ ತಿಕ್ಕಿದ. ಅಕ್ಕ "ನಾನು ನಿನ್ನೆನೇ ಹೇಳಿದ್ದೆ" ಎನ್ನಲಿಲ್ಲ. ಅವಳು ಬೆಳಗಿನ ಹಾಲಿನ ಪಾತ್ರೆಯನ್ನು ತೆಗೆದುಕೊಂಡು ಹೋಗಿ, ಬೆಕ್ಕಿಗೂ ಸಿಗದಂತೆ ಮಣ್ಣು ತೋಡಿ ಸುರಿದು ಮುಚ್ಚಿದಳು. ಒಳಗೆ ತಮ್ಮ ಮತ್ತೆ ಹಸಿವಿಗೆ ಅಳತೊಡಗಿದ್ದ.

ಮಧ್ಯಾಹ್ನ ಕಾಲೊನಿಯ ಗಂಡಸರು ಬಂದು ಗುಂಡಿ ತೋಡಲು ಕೈ ಹಾಕಿದರು. ಕಪಿಲೆಯನ್ನು ಮಣ್ಣು ಮಾಡಿದ ಮೇಲೆ ಉಳಿದದ್ದು ಆ ಸೊಪ್ಪು. ಈಗ ಅದನ್ನೇನು ಮಾಡುವುದು? ಕೊರಕಲಿಗೆ ಎಸೆದರೆ ಅಲ್ಲಿ ಬೇರೆಯವರ ದನ ಮೇಯುತ್ತದೆ. ಟ್ರ್ಯಾಕ್ಟರು ಸುರಿಯುವ ಜಾಗಕ್ಕೂ ದನ ಬರುತ್ತದೆ. ಅದರ ಹೊಗೆಯೂ ಒಳ್ಳೆಯದಲ್ಲ, ಸುಡಬೇಡಿ ಎಂದಿದ್ದರು ಡಾಕ್ಟರು. ಅಪ್ಪ ಯಾರನ್ನೂ ಹತ್ತಿರ ಬಿಡದೆ ಇನ್ನೊಂದು ಗುಂಡಿ ತೋಡಿದ, ಎದೆಯಾಳ. ಕೊಟ್ಟಿಗೆಯಲ್ಲಿ ಮಂಡಿಯೂರಿ ಕೂತು ಹಾಸಿಗೆಯನ್ನು ಕೈಯಿಂದಲೇ ಬಾಚಿದ. ಒಂದು ಎಲೆ ಉಳಿಯಬಾರದೆಂದು ನೆಲವನ್ನು ಉಗುರಿನಲ್ಲಿ ಕೆರೆದ. ಮಣ್ಣು ಮುಚ್ಚಿ ಮೇಲೆ ಕಲ್ಲು ಹೇರಿದ. ಆಮೇಲೆ ಬೇಲಿಯಲ್ಲಿದ್ದ ಕಣಗಿಲೆಯ ಬುಡಗಳನ್ನೂ ಅಗೆದು ತೆಗೆದ. ಅವನು ಅಳುತ್ತಿದ್ದ. ಬೆವರು ಎಂದು ಅಂದುಕೊಳ್ಳಲು ನಾನು ಪ್ರಯತ್ನಪಟ್ಟೆ.

ತಮ್ಮ ಆ ವಾರವೆಲ್ಲ ಗಂಜಿ ತಿಳಿಯಲ್ಲಿ ಕಲಸಿದ ಪುಡಿ ಹಾಲು ಕುಡಿದು, ಕಕ್ಕಿ, ಮತ್ತೆ ಕುಡಿದು, ಎಲುಬಿನ ಗೂಡಾಗಿ ಹೇಗೋ ಉಳಿದ. ಅಮ್ಮನೂ ಎದ್ದಳು. ಕರು ದೊಡ್ಡದಾಗಿ ಹಸುವಾಯಿತು. ಅಪ್ಪ ಅದಕ್ಕೆ ಸೊಪ್ಪು ಹಾಸುವುದನ್ನು ಬಿಡಲಿಲ್ಲ. ಆದರೆ ಅವನು ಅಂಗಳದಲ್ಲಿ ಹೊರೆ ಬಿಚ್ಚಿ ಒಂದೊಂದೇ ಕೊಂಬೆ ಎತ್ತಿ ನೋಡುವುದನ್ನು ನೋಡಲು ನಮಗೆ ಕಷ್ಟವಾಗುತ್ತಿತ್ತು.

ಈಗ ಸಾಗರದ ನಿಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ಹಾಡು ಹಾಕಿಕೊಂಡು ಕಸದ ಗಾಡಿ ಬರುತ್ತದೆ. ನಿಮ್ಮ ಅಮ್ಮ ತಾರಸಿಯಲ್ಲಿ ಡ್ರಮ್ ಇಟ್ಟು ಎಲೆಗೊಬ್ಬರ ಮಾಡುತ್ತಾಳೆ. ಯಾವ ಎಲೆ ವಿಷ ಎಂದು ಫೋಟೊ ತೆಗೆದರೆ ಫೋನೇ ಹೇಳುತ್ತದಂತೆ. ಹಾಲು ಪ್ಯಾಕೆಟಿನಲ್ಲಿ ಬರುತ್ತದೆ, ಒಂದು ಕೆಟ್ಟರೆ ಇನ್ನೊಂದು ತರುತ್ತೀರಿ. ಇದೆಲ್ಲ ನಮಗೆ ಇರಲಿಲ್ಲ, ನಿಮಗೆ ಇದೆ. ನನಗೆ ಸಂತೋಷವೇ.

ಆದರೆ ಕಳೆದ ಭಾನುವಾರ ನೀವು ಮುಂದಿನ ಬೇಲಿ ಕತ್ತರಿಸಿ, ಕಣಗಿಲೆ ಸಮೇತ ಎಲ್ಲವನ್ನೂ ಗೇಟಿನ ಹೊರಗೆ ಗುಡ್ಡೆ ಹಾಕಿದಿರಿ. "ಪಾಪ, ಬೀದಿ ದನ ಬಂದು ತಿಂದ್ಕೊಂಡ್ ಹೋಗ್ಲಿ ಅಂತ, ಅಜ್ಜ" ಎಂದಿರಿ. ನಿಮ್ಮ ಮನಸ್ಸು ಒಳ್ಳೆಯದೇ. ಅಪ್ಪನ ಮನಸ್ಸೂ ಒಳ್ಳೆಯದಿತ್ತು. ಅಷ್ಟು ಹೊತ್ತಿಗೆ ಒಂದು ಕಂದು ಹಸು ರಸ್ತೆ ದಾಟಿ ಬಂದೇಬಿಟ್ಟಿತ್ತು. ನಾನು ಚಪ್ಪಲಿ ಮೆಟ್ಟದೆ ಓಡಿ, ನಿಮ್ಮನ್ನೆಲ್ಲ ಬಾಯಿಗೆ ಬಂದಂತೆ ಬೈದು, ನಿಮ್ಮಪ್ಪ ಚೀಲ ತರುವವರೆಗೂ ಆ ಗುಡ್ಡೆಯ ಮೇಲೆ ಕುಳಿತೇ ಇದ್ದೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ನಿಮಗೆ ನಾಚಿಕೆಯಾಯಿತು, ಸಣ್ಣವಳು ಅತ್ತಳು. ಅಜ್ಜನಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬಹುದು. ಅಂದುಕೊಳ್ಳಿ. ಆ ಹಸು ಅವತ್ತು ಸಂಜೆ ತನ್ನ ಮನೆಗೆ ಹೋಯಿತು.