ದೀಪದ ಅಜ್ಜ ಮತ್ತು ನನ್ನ ತಪ್ಪು–ಒಪ್ಪು ಪಟ್ಟಿ

ಎಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಒಂದು ಕಾರ್ಟೂನಿನೊಡನೆ ಜಗಳಕ್ಕೆ ಇಳಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜಗಳವೆಂದರೆ ಬರಿಯ ಗೊಣಗಾಟವಲ್ಲ. ಕಾಗದ, ಪೆನ್ಸಿಲು, ಭೂತಕನ್ನಡಿಗಳನ್ನು ಮುಂದಿಟ್ಟುಕೊಂಡು, ಪುಟಸಂಖ್ಯೆಯ ಸಮೇತ ನಡೆಸಿದ ಜಗಳ. ನನ್ನ ವಾರಿಗೆಯವರು ಈ ವಯಸ್ಸಿನಲ್ಲಿ ವೇದಾಂತದೊಡನೆ ಹೆಣಗುತ್ತಾರೆ. ನನ್ನ ಪಾಲಿಗೆ ಬಂದದ್ದು ಟ್ರೋಲುಗಳು.

ಟ್ರೋಲು ಎಂದರೆ ಉತ್ತರ ಯುರೋಪಿನ ಹಿಮದ ನಾಡುಗಳ ಜನಪದ ಕಥೆಗಳಲ್ಲಿ ಬರುವ ಗುಡ್ಡದ ದೈತ್ಯ. ಬಿಸಿಲು ತಾಕಿದರೆ ಕಲ್ಲಾಗುತ್ತಾನೆಂದು ಪ್ರತೀತಿ. ಆ ಕಥೆಗಳಿಂದ ಹುಟ್ಟಿದ ಮಕ್ಕಳ ಚಿತ್ರಕಥೆಯ ಸರಣಿಯೊಂದು ನಮ್ಮ ಮನೆಯಲ್ಲಿದೆ. ಟೋವಾ ಎಂಬ ಹುಡುಗಿ, ಅವಳ ಅಡುಗೆಮನೆಯ ಒಲೆಯ ಕೆಳಗೆ ವಾಸಿಸುವ ಮೊಳದುದ್ದದ ಮನೆಭೂತ, ಊರಿನ ಹಿಂದೆ ಟ್ರೋಲುಗಳ ಗುಡ್ಡ, ಮುಂದೆ ಕಡಲು, ಕಡಲಂಚಿನಲ್ಲಿ ದೀಪಸ್ತಂಭ, ಅದನ್ನು ಕಾಯುವ ಒಬ್ಬ ಅಜ್ಜ. ಇದರ ಒಡತಿ ನನ್ನ ಮೊಮ್ಮಗಳು ಮೇಧಾ, ಒಂಬತ್ತು ವರ್ಷದವಳು. ಕಡಲಾಚೆಯ ಕ್ಯಾಂಪ್‌ಬೆಲ್ ಎಂಬ ಊರಿನಲ್ಲಿ ಮಗಳು ಸುಮಾಳ ಮನೆಗೆ ನಾನು ಬಂದು ನೆಲೆಸಿದ ಮೇಲೆ ನನ್ನ ಮತ್ತು ಮೇಧಾಳ ನಡುವೆ ಒಂದು ಒಪ್ಪಂದವಾಯಿತು. ಶಾಲೆಯಿಂದ ಬಂದವಳು ನಾಲ್ಕು ಗಂಟೆಗೆ ಹಚ್ಚಿದ ಅವಲಕ್ಕಿಯ ಬಟ್ಟಲಿನೊಂದಿಗೆ ಅಡುಗೆಮನೆಯ ಮೇಜಿಗೆ ಬರಬೇಕು, ಅರ್ಧ ಗಂಟೆ ನನಗೆ ಆ ಕಥೆ ಹೇಳಬೇಕು, ಕನ್ನಡದಲ್ಲಿ ಹೇಳಬೇಕು. ನಾನು ಕೊಟ್ಟ ಕಾರಣ, ಚಿತ್ರಗಳ ಮಾತಿನ ಗುಳ್ಳೆಗಳೊಳಗೆ ಕೈಯಿಂದ ಬರೆದ ಇಂಗ್ಲಿಷು ನನ್ನ ಕಣ್ಣಿಗೆ ಹಿಡಿಯುವುದಿಲ್ಲ ಎಂಬುದು. ಅದರಲ್ಲಿ ಅರ್ಧ ನಿಜವಿತ್ತು.

ಮಿಕ್ಕ ಅರ್ಧವನ್ನು ನೀವು ಊಹಿಸಿರುತ್ತೀರಿ. ಈ ಹುಡುಗಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಆ ಅರ್ಧ ಗಂಟೆ ಮಾತ್ರ ಅವಳ ಬಾಯಲ್ಲಿ ಕನ್ನಡ ಎದ್ದು ನಡೆದಾಡುತ್ತಿತ್ತು. ಟ್ರೋಲು ಗುಡ್ಡಪ್ಪನಾದ. ಒಲೆಯ ಕೆಳಗಿನ ಭೂತ ಪುಟ್ಟಪ್ಪನಾದ. ಚಳಿಗಾಲದ ಹಬ್ಬಕ್ಕೆ ಆ ಭೂತಕ್ಕೆ ಬೆಣ್ಣೆ ಹಾಕಿದ ಗಂಜಿ ಇಡುವುದು ಅಲ್ಲಿಯ ಪದ್ಧತಿ. ಬೆಣ್ಣೆ ಮೇಲೆ ಕಾಣದಿದ್ದರೆ ಅದು ಸಿಟ್ಟಾಗುತ್ತದಂತೆ. ಮೇಧಾ ಇದನ್ನು, “ಅಜ್ಜಾ, ಪುಟ್ಟಪ್ಪಂಗೆ ಸಜ್ಜಕ ಎಡೆ ಇಡ್ಬೇಕು, ತುಪ್ಪ ಆನ್ ಟಾಪ್, ಇಲ್ಲಾಂದ್ರೆ ಹೀ ಗೆಟ್ಸ್ ಸೋ ಆಂಗ್ರಿ,” ಎಂದು ಕನ್ನಡಿಸಿದಳು. ಹಿಮದ ನಾಡಿನ ಮನೆಭೂತಕ್ಕೆ ನಮ್ಮ ಗದುಗಿನ ರವೆ-ಬೆಲ್ಲದ ಸಜ್ಜಕ ದೊರೆತದ್ದು ನನಗೆ ಸರಿಯೆಂದೇ ಕಂಡಿತು.

ಆದರೆ ನನ್ನ ಮನಸ್ಸನ್ನು ಗೆದ್ದವನು ದೀಪದ ಅಜ್ಜ. ಗುಡ್ಡಪ್ಪ ಬಿಸಿಲಿಗೆ ಕಲ್ಲಾಗುತ್ತಾನೆಂದು ಊರೆಲ್ಲ ನಂಬಿರುವಾಗ, “ಕಲ್ಲಾಗಿದ್ದು ನೋಡಿದವರು ಯಾರು?” ಎಂದು ಕೇಳುವವನು ಅವನೊಬ್ಬನೇ. ಮುರಿದ ಕನ್ನಡಕವನ್ನು ದಾರದಿಂದ ಕಟ್ಟಿಕೊಂಡಿರುತ್ತಾನೆ. ಯಾರು ಏನು ಹೇಳಿದರೂ ಪುರಾವೆ ಕೇಳುತ್ತಾನೆ. ಎಲ್ಲಿಯ ಹಿಮಸಮುದ್ರ, ಎಲ್ಲಿಯ ನಾನು. ವಿಚಾರವಂತರು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಾಗಿ ಇರುತ್ತಾರೆಂದು ನಾನು ಬೆರಗಾದೆ. ಬೆರಗಾಗಿ ಸುಮ್ಮನಿರಲಿಲ್ಲ. ಬೆಳಗಿನ ತಿರುಗಾಟದಲ್ಲಿ ಜೊತೆಯಾಗುವ ಮೈಸೂರಿನ ರಾಯರಿಗೂ ವಿವರಿಸಿದೆ. ರಾಯರು ಟ್ರೋಲು ನಮ್ಮ ರಾಕ್ಷಸನೇ, ಇಲ್ಲಿಂದಲೇ ಅಲ್ಲಿಗೆ ಹೋದದ್ದು, ಫೋನಿನ ಗುಂಪಿನಲ್ಲಿ ಬಂದಿದೆ ಎಂದರು. ನೋಡಿದವರು ಯಾರು ಎಂದು ನಾನು ಕೇಳಿದೆ.

ಈ ಪ್ರಶ್ನೆ ನನಗೆ ಅಂಟಿದ ಬಗೆಯನ್ನು ಹೇಳಬೇಕು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಓದು ಕಲಿತದ್ದು ಗದುಗಿನ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ. ಒಮ್ಮೆ ಒಂದು ಊರಿನ ಸ್ಥಳಪುರಾಣ ಅಚ್ಚಿಗೆ ಬಂದಿತ್ತು. ಒಂದೇ ಹಾಳೆಯಲ್ಲಿ ಅಚ್ಚಾಗುವ ಹದಿನಾರು ಪುಟಗಳ ಫಾರಂ ತುಂಬಿದ ಮೇಲೆಯೂ ಹನ್ನೊಂದು ಸಾಲು ಉಳಿದವು. ಇನ್ನೊಂದು ಫಾರಂ ಕಟ್ಟಲು ಮಾಲೀಕರು ಒಪ್ಪಲಿಲ್ಲ. ಪುರಾಣ ಬರೆದ ಅರ್ಚಕರು ಕಾಶಿಯಲ್ಲಿದ್ದರು. ರಾಕ್ಷಸನಿಗೆ ದೇವರು ಕೊಟ್ಟಿದ್ದ ಎರಡು ವರಗಳಲ್ಲಿ ಎರಡನೆಯದನ್ನು ನಾನು ತೆಗೆದುಬಿಟ್ಟೆ. ಸರಿಯಾಗಿ ಕೂತಿತು. ಮುಂದೆ ಕೆಲವು ವರ್ಷಗಳಿಗೆ ಆ ಗುಡಿಗೆ ಹೋದಾಗ, ಅದೇ ಅರ್ಚಕರು ಭಕ್ತರಿಗೆ ಒಂದೇ ವರದ ಕಥೆಯನ್ನು ಕಣ್ಣಾಲಿ ತುಂಬಿಕೊಂಡು ಹೇಳುತ್ತಿದ್ದರು. ಕೈಯಲ್ಲಿ ನಾವು ಅಚ್ಚು ಹಾಕಿದ ಪುಸ್ತಕ. ಅಂದಿನಿಂದ ಯಾರಾದರೂ “ಮೂಲದಲ್ಲಿ ಹೀಗಿದೆ” ಎಂದರೆ, ಆ ಮೂಲದ ಫಾರಂ ಎಷ್ಟು ಪುಟದ್ದಿತ್ತೆಂದು ತಿಳಿಯುವ ಆಸೆಯಾಗುತ್ತದೆ.

ಹೀಗಿರುವಾಗ ಚಿತ್ರಕಥೆ ಕಾರ್ಟೂನಾಗಿ ಟೀವಿಗೆ ಬಂತು, ಪುಸ್ತಕಕ್ಕೊಂದು ಭಾಗದಂತೆ. ಮೂಲಕ್ಕೆ ಬಹಳ ನಿಷ್ಠವಾಗಿದೆಯೆಂದು ಎಲ್ಲರೂ ಹೊಗಳಿದರು. ಆ ಮಾತೇ ನನಗೆ ಸಾಕಾಗಿತ್ತು. ಶನಿವಾರ ಮಧ್ಯಾಹ್ನ ಸುಮಾ, ಮೇಧಾ, ನಾನು ಸಾಲಾಗಿ ಸೋಫಾದ ಮೇಲೆ ಕುಳಿತೆವು. ಮೂರನೆಯ ಭಾಗದ ಕೊನೆಯಲ್ಲಿ ದೀಪದ ಅಜ್ಜ ಒಂದು ದೋಣಿ ಹತ್ತಿದ. ಕಾಲ ಮುಗಿದವರನ್ನು ಒಯ್ಯುವ ಕಡಲ ಜನ ಅವನನ್ನು ಕರೆಯಲು ಬಂದಿದ್ದರು. ದೋಣಿ ಮಂಜಿನೊಳಗೆ ಹೋಯಿತು. ನಾಲ್ಕನೆಯ ಭಾಗದಲ್ಲಿ ಅವನಿಲ್ಲ. ಐದರಲ್ಲಿಯೂ ಇಲ್ಲ. ಅವನು ಪುರಾವೆ ಕೇಳುವುದಾಗಲಿ, ದಾರ ಕಟ್ಟಿದ ಕನ್ನಡಕವಾಗಲಿ ಮೊದಲಿನಿಂದಲೂ ಎಲ್ಲಿಯೂ ಕಾಣಿಸಲಿಲ್ಲ.

“ಇದು ಶುದ್ಧ ತಪ್ಪು,” ಎಂದೆ. “ನಾಕನೇ ಪುಸ್ತಕದಾಗ ಗುಡ್ಡಪ್ಪಗ ಬುದ್ಧಿ ಹೇಳಿದಾಂವ ಯಾರು ಹಂಗಾರ? ಮೇಧಾ, ನೀನ ಹೇಳು.”

ಮೇಧಾ ಟೀವಿಯ ಕಡೆಗೇ ನೋಡುತ್ತಿದ್ದಳು. “ಇಟ್ಸ್ ಜಸ್ಟ್ ಎ ಶೋ, ಅಜ್ಜಾ.”

ಸೋಮವಾರ ನಾಲ್ಕು ಗಂಟೆಗೆ ಅವಲಕ್ಕಿ ಇತ್ತು, ನಾನಿದ್ದೆ. ಆಗತಾನೆ ಕೈಸೇರಿದ ಆರನೆಯ ಪುಸ್ತಕವೂ ಮೇಜಿನ ಮೇಲಿತ್ತು. ಮೇಧಾ ಬಟ್ಟಲನ್ನು ಎತ್ತಿಕೊಂಡು, “ಇನ್ಮೇಲೆ ನೀವು ಟೀವಿಯಲ್ಲೇ ನೋಡ್ಬಹುದಲ್ವಾ ಅಜ್ಜಾ? ಹೇಳೋದು ಬೇಡ,” ಎಂದು ತನ್ನ ಕೋಣೆಗೆ ಹೋದಳು. ಮಂಗಳವಾರವೂ ಹಾಗೆಯೇ. ಬುಧವಾರ ನಾನು ನಿಶ್ಚಯ ಮಾಡಿದೆ. ನನ್ನ ಅರ್ಧ ಗಂಟೆಯನ್ನು ಕಸಿದ ಈ ಕಾರ್ಟೂನು ಸುಳ್ಳೆಂದು ತೋರಿಸಿಕೊಡುತ್ತೇನೆ. ತೋರಿಸಿದರೆ ಹುಡುಗಿ ಪುಸ್ತಕಕ್ಕೆ ಮರಳುತ್ತಾಳೆ. ಹಳೆಯ ಪುಸ್ತಕಗಳ ಕೊನೆಯಲ್ಲಿ ತಪ್ಪು–ಒಪ್ಪು ಎಂಬ ಪಟ್ಟಿ ಇರುತ್ತಿತ್ತು. ಎಡಕ್ಕೆ ತಪ್ಪಾಗಿ ಅಚ್ಚಾದದ್ದು, ಬಲಕ್ಕೆ ಸರಿಯಾದದ್ದು. ಅಂಥದೇ ಒಂದನ್ನು ಕಾರ್ಟೂನಿಗೆ ತಯಾರಿಸಲು ಕುಳಿತೆ.

“ಅತಿಯಾಯ್ತು ಸ್ವಾಮಿ ನಿಮ್ದು,” ಎಂದರು ರಾಯರು. “ಕಾರ್ಟೂನ್ ಮೇಲೆ ಕೇಸ್ ಹಾಕ್ತೀರೇನು?”

“ಮೊದಲ ಪುರಾವೆ ಕೂಡಸ್ತೀನ್ರಿ,” ಎಂದೆ.

ಎಡಗಡೆಯ ಸಾಲು ಒಂದು ಗಂಟೆಯಲ್ಲಿ ತುಂಬಿತು. ಬಲಗಡೆಗೆ ಪುಟಸಂಖ್ಯೆ ಬೇಕಲ್ಲ. ಪುಸ್ತಕಗಳು ಮೇಧಾಳ ಕೋಣೆಯಲ್ಲಿದ್ದವು. ಕೇಳಿದರೆ ಪುರಾವೆಯ ಗುಟ್ಟು ಒಡೆಯುತ್ತದೆ. ಆದ್ದರಿಂದ ಗ್ರಂಥಾಲಯಕ್ಕೆ ನಡೆದೆ. ಮಕ್ಕಳ ವಿಭಾಗದ ಕುರ್ಚಿಗಳು ನನ್ನ ಮೊಣಕಾಲಿನ ಎತ್ತರದವು. ಹೇಗೋ ಕುಳಿತು, ಮೂರು, ನಾಲ್ಕು, ಐದನೆಯ ಪುಸ್ತಕಗಳನ್ನು ಭೂತಕನ್ನಡಿಯಲ್ಲಿ ಗುಳ್ಳೆ ಗುಳ್ಳೆಯಾಗಿ ಓದಿದೆ. ಮೂರನೆಯದರ ಕೊನೆಯ ಪುಟದಲ್ಲಿ ದೋಣಿ ಮಂಜಿನೊಳಗೆ ಹೋಗುತ್ತದೆ. ನಾಲ್ಕರಲ್ಲಿ ಅಜ್ಜನಿಲ್ಲ. ಐದರಲ್ಲಿ ಇಲ್ಲ. ಇದ್ದಷ್ಟು ದಿನವೂ ಅವನೊಬ್ಬ ಮಿತಭಾಷಿ ಮುದುಕ; ಕನ್ನಡಕವೇ ಇಲ್ಲ; ಪುರಾವೆ ಕೇಳಿದ್ದು ಒಂದು ಸಲವೂ ಇಲ್ಲ.

ಕಾರ್ಟೂನು ಅಕ್ಷರಶಃ ನಿಷ್ಠವಾಗಿತ್ತು.

ನನ್ನ ಕನ್ನಡಕವನ್ನು ತೆಗೆದು ನೋಡಿದೆ. ಅದರ ಎಡಗಡೆಯ ಕಡ್ಡಿಗೆ ಕಟ್ಟಿದ ದಾರ ಎರಡು ವರ್ಷಗಳಿಂದ ಅಲ್ಲಿಯೇ ಇದೆ. ಕಂಡಕಂಡವರಿಗೆಲ್ಲ ನೋಡಿದವರು ಯಾರೆಂದು ಕೇಳುವ ಮನುಷ್ಯ, ತನ್ನದೇ ಚಹರೆಯನ್ನು ಹಿಮದ ನಾಡಿನ ವಿಚಾರವಂತನೆಂದು ನಂಬಿ, ಬೆರಗಾಗಿ, ರಾಯರ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದ. ಒಂಬತ್ತು ವರ್ಷದ ಹುಡುಗಿಯ ಹೇಳಿಕೆಯನ್ನು ಮಾತ್ರ ಒಂದು ಸಲವೂ ಪರೀಕ್ಷಿಸಲಿಲ್ಲ. ಆಮೇಲೆ ಇನ್ನೊಂದು ವಿಷಯ ನೆನಪಾಯಿತು. ಮೂರನೆಯ ಪುಸ್ತಕವನ್ನು ಅವಳು ನನಗೆ ಹೇಳಿದ್ದು, ಎದೆಯ ರಕ್ತನಾಳಕ್ಕೆ ಸ್ಟೆಂಟು ಹಾಕಿಸಿಕೊಂಡು ಆಸ್ಪತ್ರೆಯಿಂದ ನಾನು ಮನೆಗೆ ಬಂದ ವಾರದಲ್ಲಿ. ಕೊನೆಯ ಪುಟಕ್ಕೆ ಬಂದಾಗ ಪುಸ್ತಕವನ್ನು ಮುಚ್ಚಿಟ್ಟು, “ಆಮೇಲೆ ಅಜ್ಜ ಮನೆಗೆ ಬಂದ್ರು, ಊಟ ಮಾಡಿದ್ರು,” ಎಂದು ಮುಗಿಸಿದ್ದಳು. ಎಂಥ ಸಪ್ಪೆ ಮುಕ್ತಾಯವೆಂದು ನಾನು ಟೀಕಿಸಿದ್ದೂ ನೆನಪಿದೆ.

ಫಾರಂ ತುಂಬಿತೆಂದು ದೇವರ ವರವನ್ನೇ ಕತ್ತರಿಸಿದವನು ನಾನು. ಇವಳು ಅಚ್ಚಾಗಿ ಹೋದ ಪುಸ್ತಕದೊಳಗೆ ಒಬ್ಬ ಮುದುಕನನ್ನು ಇನ್ನೆರಡು ಸಂಪುಟಗಳ ಉದ್ದಕ್ಕೂ ಉಳಿಸಿದ್ದಾಳೆ. ನಮ್ಮಿಬ್ಬರಲ್ಲಿ ಯಾರ ಕೈ ದೊಡ್ಡದೆಂದು ಹೇಳಲು ಪುರಾವೆ ಬೇಕಿಲ್ಲ. ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಕಿಸೆಯಲ್ಲಿಟ್ಟುಕೊಂಡು ಮನೆಗೆ ನಡೆದೆ. ಅರ್ಧ ಗಂಟೆಯನ್ನು ಬಿಟ್ಟುಕೊಡುವ ಉದ್ದೇಶ ನನಗೆ ಈಗಲೂ ಇರಲಿಲ್ಲ. ಹೋಗುವಾಗ ಇದ್ದುದಕ್ಕಿಂತ ಹಟ ಹೆಚ್ಚಾಗಿಯೇ ಇತ್ತು.

ನಾಲ್ಕು ಗಂಟೆಗೆ ಬಟ್ಟಲಿನ ಪಕ್ಕದಲ್ಲಿ ಆರನೆಯ ಪುಸ್ತಕವನ್ನು ತೆರೆದಿಟ್ಟೆ.

“ಅಜ್ಜಾ, ನೀವು ಲೈಬ್ರರಿಗೆ ಹೋಗಿದ್ರಂತೆ. ಅಮ್ಮ ಹೇಳಿದ್ಲು.”

“ಹೋಗಿದ್ದೆ.”

“ಥರ್ಡ್ ಬುಕ್ ಓದಿದ್ರಾ?”

“ಓದಿದೆ.”

ಅವಳು ಅವಲಕ್ಕಿಯೊಳಗಿನ ಶೇಂಗಾವನ್ನು ಒಂದೊಂದಾಗಿ ಅಂಚಿಗೆ ಸರಿಸಿದಳು. “ಆರ್ ಯೂ ಮ್ಯಾಡ್ ಅಟ್ ಮೀ?”

“ಒಂದ ಪ್ರಶ್ನೆ ಅದ,” ಎಂದೆ. “ದೋಣಿ ಮಂಜಿನ್ಯಾಗ ಹೋತು. ಅದನ್ನ ನಾನೂ ನೋಡಿದೆ, ಟೀವಿಯವರೂ ನೋಡ್ಯಾರ. ಆದ್ರ ಅಜ್ಜ ತಿರುಗಿ ಬರಲಿಲ್ಲ ಅನ್ನೂದನ್ನ ನೋಡಿದವ್ರು ಯಾರು?”

ಮೇಧಾ ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡು, ಬಾಯಲ್ಲಿ ಅವಲಕ್ಕಿ ಇರುವಂತೆಯೇ ಆರಂಭಿಸಿದಳು: “ಟೋವಾ ಬಾಗಿಲು ತೆಗೆದ್ಲು. ಹೊರಗೆ ತುಂಬಾ ಸ್ನೋ. ಅಲ್ಲಿ ನೋಡಿದ್ರೆ ಅಜ್ಜ ನಿಂತಿದ್ರು. ಬಟ್ಟೆ ಎಲ್ಲಾ ಒದ್ದೆ. ಬಂದವ್ರೇ ಕೇಳಿದ್ರು, ಪುಟ್ಟಪ್ಪಂಗೆ ಸಜ್ಜಕ ಇಟ್ರಾ ಅಂತ.”

ಪುಟದ ಮೇಲೆ ತೆರೆದ ಬಾಗಿಲು ಮತ್ತು ಹಿಮ ಬಿಟ್ಟರೆ ಮತ್ತೇನೂ ಇರಲಿಲ್ಲ. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಮುಂದ?” ಎಂದೆ.