ಬೀಗರು ನಿಲ್ಲಿಸಿದ ಬಸ್ಸು

ಯಾದಗಿರಿಗೆ ಬರುವ ನಮ್ಮ ರೈಲು ತಡವಾಗುವುದನ್ನು ಮಾತ್ರ ಎಂದೂ ತಪ್ಪಿಸಿಲ್ಲ. ಅಂದೂ ದಾರಿಯಲ್ಲೇ ನಿಂತಿತು. ಸುರಪುರದ ಕೊನೆಯ ಬಸ್ಸು ಹೋದಂತೆಯೇ ಎಂದು ನಾನು ಗೊಣಗಿದೆ. ಎದುರು ಸೀಟಿನ ಶಹಾಪುರದ ಯಜಮಾನರು ಮೀಸೆ ತಿರುವಿದರು.

"ಕಂಡಕ್ಟರ್ ನಮ್ಮ ಬೀಗ ಅದಾನ್ರಿ. ನಾ ಹೇಳಿದ್ರ ಬಸ್ಸು ಅಲುಗಾಡಂಗಿಲ್ಲ."

ಫೋನು ಹಚ್ಚಿ, ಇಡೀ ಬೋಗಿಗೆ ಕೇಳುವಂತೆ ಬೀಗರಿಗೆ ಹುಕುಂ ಕೊಟ್ಟರು. ಆಮೇಲೆ ಮಗನ ಮದುವೆಯ ಪುರಾಣ ಬಿಚ್ಚಿದರು: ಬೀಗರ ಊಟಕ್ಕೆ ತಾವು ಕೊಂಕು ತೆಗೆದದ್ದು, ಅವರು ಉಡುಗೊರೆಯೆಂದು ಆಯೇರಿ ಮಾಡಿದ ಧೋತರ ತೆಳುವಾಯಿತೆಂದು ಮಂದಿಯೆದುರೇ ತಿರುಗಿ ಎಸೆದದ್ದು. ನಾವೂ ಬಸ್ಸಿನ ಆಸೆಗೆ ನಕ್ಕೆವು.

ಯಾದಗಿರಿಯಲ್ಲಿ ಇಳಿದು ಬಸ್ ನಿಲ್ದಾಣಕ್ಕೆ ಓಡಿದರೆ ಬಸ್ಸಿಲ್ಲ. ಚಹಾದಂಗಡಿಯವನು ಹೇಳಿದ: "ಕಂಡಕ್ಟರ್ ರೈಲು ಬರೂತನಕ ದಿನಾ ಕಾಯ್ತಾನ್ರಿ. ಇವತ್ತ ಬೀಗರದು ಫೋನ್ ಬಂತು ನೋಡ್ರಿ, ಚಹಾ ಸೈತ ಕುಡೀಲಾರ್ದ ಗಾಡಿ ಬಿಡಿಸ್ದ."